ಮಾಜಾಳಿಯ ಮಾವಿನ ಮರದಡಿಯ ಕಾರು

ಕಳೆದ ಮೇ ರಜೆಯ ಒಂದು ಬೆಳಿಗ್ಗೆ ಅಂಕೋಲೆಯಲ್ಲಿ ಕಾರವಾರದ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಮೂರು ವಸ್ತುಗಳಿದ್ದವು. ಅಕ್ಕನಿಗೆಂದು ಮನೆಯಾಕೆ ಹುಲ್ಲಿನಲ್ಲಿ ಸುತ್ತಿ ಕೊಟ್ಟ ಒಂದು ಡಜನ್ ಕರಿ ಇಶಾಡು ಮಾವಿನಹಣ್ಣು, ಭಾವನ ಇ.ಸಿ.ಜಿ. ಕಾಗದಗಳ ಲಕೋಟೆ, ಮತ್ತು ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದ ಕುದುರೆ ಲಾಳದ ಅಯಸ್ಕಾಂತ. ಮೂರನೆಯದನ್ನು ದಾಸ್ತಾನು ಪುಸ್ತಕದಲ್ಲಿ ಸಹಿ ಮಾಡಿಯೇ ತಂದಿದ್ದೆ. ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನಿಗೆ ಒಂದು ಕಾರು ಪರೀಕ್ಷಿಸಲು ಇಷ್ಟು ಸಾಕು ಎಂಬ ಧೈರ್ಯ ನನಗಿತ್ತು. ಆ ಧೈರ್ಯ ಸಂಜೆಯವರೆಗೆ ಉಳಿಯಲಿಲ್ಲ, ಅದು ಬೇರೆ ಮಾತು.

ಅಕ್ಕನ ಮನೆ ಇರುವುದು ಮಾಜಾಳಿಯಲ್ಲಿ. ಕರ್ನಾಟಕದ ಕರಾವಳಿ ಉತ್ತರಕ್ಕೆ ಮುಗಿಯುವುದೇ ಅಲ್ಲಿ. ಅದರಾಚೆ ಗೋವೆಯ ಪೋಲೆಂ. ಭಾವನ ಎದೆಯಲ್ಲಿ ಎರಡು ವರ್ಷಗಳಿಂದ ತೊಂದರೆ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಬಂದ್ ಆಯಿತಲ್ಲ, ಅದೇ ವಾರ ಅವರು ತಪಾಸಣೆಗೆ ಮಣಿಪಾಲಕ್ಕೆ ಹೋಗಬೇಕಿತ್ತು. ದಕ್ಷಿಣದ ದಾರಿ ಮುಚ್ಚಿದ ಮೇಲೆ ಉತ್ತರದ ದಾರಿಯೇ ಗತಿ. ಮುಂದೆ ಒಂದು ರಾತ್ರಿ ಎದೆ ಹಿಡಿದುಕೊಂಡಾಗ, ಸುರಿಯುವ ಮಳೆಯಲ್ಲಿ ಅಕ್ಕ ನಾಲ್ಕು ಮನೆಗಳ ಬಾಗಿಲು ಬಡಿದು, ಕೊನೆಗೆ ಮೀನು ಸಾಗಿಸುವ ಒಂದು ಟೆಂಪೋದಲ್ಲಿ ಅವರನ್ನು ಮಡಗಾಂವಿನತ್ತ ಕರೆದೊಯ್ದಳು. ಆ ರಾತ್ರಿಯ ಬಳಿಕ ಅವಳದ್ದು ಒಂದೇ ಮಾತು: "ತಮ್ಮಾ, ಮುಂದಿನ ಮಳೆಗಾಲಕ್ಕೆ ಮೊದಲು ಅಂಗಳದಲ್ಲಿ ಒಂದು ಕಾರು ನಿಂತಿರಬೇಕು. ಹಳೇದಾದರೂ ಅಡ್ಡಿಲ್ಲ." ಓಡಿಸಲು ಮಗನಿದ್ದಾನೆ. ಹಣ ಭಾವನ ನಿವೃತ್ತಿಯ ಗಂಟಿನಲ್ಲಿ ಉಳಿದದ್ದು, ಎರಡೂವರೆ ಲಕ್ಷ ರೂಪಾಯಿ. ಅದರಿಂದಾಚೆ ಇನ್ನೊಂದು ಗಂಟಿಲ್ಲ.

ಕಾರವಾರದಲ್ಲಿ ಬಸ್ಸು ಬದಲಿಸಿ ಹೊರಟರೆ ಸ್ವಲ್ಪದರಲ್ಲೇ ಕಾಳಿ ನದಿ. ಎಷ್ಟು ಸಲ ದಾಟಿದರೂ ಕಿಟಕಿಯ ಕಡೆ ತಿರುಗದೆ ಇರಲಾಗದ ಜಾಗ ಅದು. ಎಡಕ್ಕೆ ಅಳಿವೆ ಮತ್ತು ಸಮುದ್ರ, ಎದುರಿಗೆ ಸದಾಶಿವಗಡದ ಗುಡ್ಡ, ಬಲಕ್ಕೆ ಘಟ್ಟದವರೆಗೆ ಹಸಿರು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಜೀವಂತವಾಗಿ ಮೇಲೆತ್ತಿದರು. ಅದು ಬಿದ್ದದ್ದು ಏಕೆಂಬುದನ್ನು ಇಂಜಿನಿಯರುಗಳು ಹೇಳಬೇಕು, ನಾನಲ್ಲ. ಆದರೆ ನಲವತ್ತು ವರ್ಷ ನಾವೆಲ್ಲ ಅದರ ಮೇಲೆ ಓಡಾಡಿದೆವು, ಒಬ್ಬರೂ ಕೆಳಗೆ ಬಗ್ಗಿ ನೋಡಿದವರಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಮುದುಕಿ ಈಗಲೂ ಸೇತುವೆ ಬಂದೊಡನೆ ಕೈಮುಗಿದಳು. ನದಿಗೋ ಸೇತುವೆಗೋ ಕೇಳಲಿಲ್ಲ.

ಸದಾಶಿವಗಡ ದಾಟಿದ ಮೇಲೆ ಮಾಜಾಳಿಯ ಗಾಳಿಗೇ ಬೇರೆ ಗುಣ. ತೆಂಗು, ಒಣಮೀನು, ಉಪ್ಪು. ಇಲ್ಲಿಯ ಮನೆಮಾತು ಕೊಂಕಣಿ, ಶಾಲೆಯ ಮಾತು ಕನ್ನಡ, ಸಂತೆಯಲ್ಲಿ ಎರಡೂ. 1961ರ ಡಿಸೆಂಬರ್‌ವರೆಗೆ ಆಚೆ ಬದಿಗೆ ಪೋರ್ಚುಗೀಸರ ಆಳ್ವಿಕೆ ಇತ್ತು. ಹಾಗಾಗಿ ಮಾಜಾಳಿಯ ಹಿರಿಯರು ಗಡಿಯೆಂದರೆ ಪರದೇಶದ ಗಡಿಯನ್ನೇ ಕಂಡವರು. ಈಗಿನದು ತೆರಿಗೆಯ ಗಡಿ. ಆಚೆ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗವೆಂದು ಇಲ್ಲಿಯ ಬೈಕುಗಳು ಪೋಲೆಮಿಗೆ ಹೋಗಿ ಟ್ಯಾಂಕು ತುಂಬಿಸಿಕೊಂಡು ಬರುತ್ತವೆ. ಆಚೆಯಿಂದ ಬರುವ ಚೀಲಗಳನ್ನು ಈಚೆಯ ಅಬಕಾರಿಯವರು ಬಿಚ್ಚಿ ನೋಡುತ್ತಾರೆ. ಚೀಲವನ್ನು ಅಷ್ಟು ಕಾಳಜಿಯಿಂದ ನೋಡುವ ಈ ಊರಿನಲ್ಲಿ ಕಾರನ್ನು ಮಾತ್ರ ಹಾಗೆಯೇ ಒಪ್ಪಿಕೊಳ್ಳುತ್ತಾರೆ ಎಂಬುದು ನನಗೆ ಆ ದಿನ ಗೊತ್ತಾಯಿತು.

ಗೋವೆಯ ನಂಬರಿನ ಕಾರಿನ ಆಸೆ ಗಡಿಯ ಊರುಗಳಿಗೆ ಸಹಜ. ಕೇಳುವ ಬೆಲೆ ಕಡಿಮೆ ಇರುತ್ತದೆ, ಮಾರುವವನು ಎಲ್ಲಿಯೋ ನೆಂಟ ಅಥವಾ ನೆಂಟನ ಗೆಳೆಯ. ಆದರೆ ಬೆಲೆಗೆ ಸೇರಿಸಬೇಕಾದದ್ದು ಬೇರೆ ಇದೆ. ಹೊರ ರಾಜ್ಯದ ಗಾಡಿಯನ್ನು ಇಲ್ಲಿ ಇಟ್ಟುಕೊಂಡರೆ ಹನ್ನೆರಡು ತಿಂಗಳೊಳಗೆ ಇಲ್ಲಿಯ ನಂಬರು ಮಾಡಿಸಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಅದಕ್ಕೆ ಮೊದಲು ಆಚೆಯ ಆರ್.ಟಿ.ಓ.ದಿಂದ ಎನ್.ಓ.ಸಿ. ತರಬೇಕು. ಅದು ನಮೂನೆ 28. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಇಷ್ಟಾದ ಮೇಲೆ ಕಾರಿನ ವಯಸ್ಸು ಮತ್ತು ಬೆಲೆ ನೋಡಿ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಗೋವೆಯಲ್ಲಿ ಕಟ್ಟಿದ್ದರ ಉಳಿಕೆಯನ್ನು ವಾಪಸು ಕೇಳಲು ಅಲ್ಲಿ ಬೇರೆ ಅರ್ಜಿ ಕೊಟ್ಟು ಓಡಾಡಬೇಕು. ಈ ಲೆಕ್ಕ ಹಾಕಿದರೆ ಅಗ್ಗದ ಕಾರು ಅಷ್ಟೇನೂ ಅಗ್ಗವಲ್ಲ. ಅಕ್ಕನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ, "ಅದೆಲ್ಲ ಆಮೇಲೆ, ಮೊದಲು ಬಂದು ಕಾರು ನೋಡು, ಎಷ್ಟು ಚೆಂದ ಇದೆ" ಅಂದಿದ್ದಳು.

ಚೆಂದವಿದ್ದದ್ದು ಸುಳ್ಳಲ್ಲ. ಅಂಗಳದ ಮಾವಿನ ಮರದಡಿಯಲ್ಲಿ ಬೆಳ್ಳಿಬಣ್ಣದ, ಎತ್ತರದ ಮೈಯ ಪುಟ್ಟ ಕಾರು ಆಗಷ್ಟೇ ಮಿಂದು ಬಂದ ಮಗುವಿನ ಹಾಗೆ ನಿಂತಿತ್ತು. 2015ರ ಗಾಡಿ, ಪೆಟ್ರೋಲಿನದು, ಜಿ.ಎ. 08, ಅಂದರೆ ಮಡಗಾಂವಿನ ನಂಬರು. ಓಡಿದ್ದು 46,000 ಕಿಲೋಮೀಟರ್ ಎಂದು ಮೀಟರು ಹೇಳುತ್ತಿತ್ತು. ಕೇಳಿದ ಬೆಲೆ 2,40,000 ರೂಪಾಯಿ. ತಂದವನು ಕಾಣಕೋಣದ ಕಡೆಯ ಮೂವತ್ತೈದರ ಯುವಕ, ಅಕ್ಕನ ನೆರೆಮನೆಯಾಕೆಯ ಚಿಕ್ಕಪ್ಪನ ಮಗ. ಭಾವನನ್ನು ಆ ರಾತ್ರಿ ಟೆಂಪೋಗೆ ಎತ್ತಿ ಹಾಕಿದವರು ಇದೇ ನೆರೆಮನೆಯವರು. ಈಗ ಅರ್ಥವಾಯಿತಲ್ಲ ತೊಡಕು?

ಒಳಗೆ ಹೋಗಿ ಚಹಾ ಕುಡಿಯುವಾಗ ನಾನು ಮೆಲ್ಲಗೆ, ಸದಾಶಿವಗಡದ ಗ್ಯಾರೇಜಿನ ಮೇಸ್ತ್ರಿಗೆ ಬರಹೇಳಿದ್ದೇನೆ ಎಂದೆ. ಅಕ್ಕನ ಮುಖ ಸಣ್ಣದಾಯಿತು. "ಅವರು ಮನೆಯವರ ಹಾಗೆ ಇರೋರು. ಅವರ ಎದುರಿಗೆ ಮೆಕ್ಯಾನಿಕ್ಕನ್ನ ನಿಲ್ಲಿಸಿದರೆ ಏನು ತಿಳ್ಕೊಳ್ತಾರೆ? ನಾಳೆ ಬೆಳಗಾದರೆ ಅವರ ಮುಖ ನೋಡೋದು ನಾನು, ನೀನಲ್ಲ." ನಾನು ಎಮ್ಮೆ ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ, ಬಂಗಾರವನ್ನು ಒರೆಗೆ ಹಚ್ಚುವುದಿಲ್ಲವೇ ಎಂದೆಲ್ಲ ಪಾಠ ಶುರುಮಾಡಿದೆ. ಅವಳಿಗೆ ಅದು ತರಗತಿಯ ಮಾತಿನ ಹಾಗೆ ಕೇಳಿರಬೇಕು. ಸಮಸ್ಯೆ ಬಗೆಹರಿಸಿದವರು ಭಾವ. ಹಾಸಿಗೆಯಿಂದಲೇ ದೊಡ್ಡದಾಗಿ, ಅಂಗಳದಲ್ಲಿದ್ದ ಹುಡುಗನಿಗೂ ಕೇಳುವಂತೆ, "ನನ್ನ ಎದೆಯನ್ನೇ ಡಾಕ್ಟರು ಮೂರು ಸಲ ಮೆಶಿನ್ ಹಚ್ಚಿ ನೋಡಿದ್ದಾರೆ, ನಾನೇನು ಬೇಜಾರು ಮಾಡ್ಕೊಂಡ್ನಾ? ಕಾರಿಗೇನು ನಾಚಿಕೆ!" ಎಂದರು. ಹೊರಗಿನಿಂದ ಹುಡುಗ ನಕ್ಕದ್ದು ಕೇಳಿಸಿತು. "ನೋಡಲಿ ಬಿಡಿ ಕಾಕಾ" ಅಂದ.

ಮೇಸ್ತ್ರಿ ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ನನ್ನ ಪರೀಕ್ಷೆ ಮುಗಿಸೋಣವೆಂದು ಅಯಸ್ಕಾಂತ ತೆಗೆದೆ. ಅಪಘಾತದ ತಗ್ಗನ್ನು ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಲ್ಲಿ ಉಕ್ಕು ದೂರವಾಗಿ ಅಯಸ್ಕಾಂತದ ಹಿಡಿತ ಸಡಿಲಾಗುತ್ತದೆ. ಗೀರು ಬೀಳದಂತೆ ತೆಳ್ಳನೆಯ ಬಟ್ಟೆ ಸುತ್ತಿ ಮುಂದಿನ ಬಂಪರಿಗೆ ಹಿಡಿದೆ. ಹಿಡಿಯಲೇ ಇಲ್ಲ! ಇಡೀ ಮುಂಭಾಗವೇ ಪುಟ್ಟಿಯೆಂದು ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದಾಗ ಅಕ್ಕನ ಮಗ, "ಮಾಮಾ, ಬಂಪರು ಪ್ಲಾಸ್ಟಿಕ್ಕು" ಎಂದ. ನಂತರ ಬಾನೆಟ್ಟು, ಬಾಗಿಲುಗಳು, ಹಿಂದಿನ ಮಡ್‌ಗಾರ್ಡ್ ಎಲ್ಲ ಕಡೆ ಟಕ್ಕೆಂದು ಹಿಡಿಯಿತು. ಎಡಗಡೆಯ ಹಿಂಬಾಗಿಲಿನ ಕೆಳಗೆ ಒಂದು ಗೇಣು ಜಾಗದಲ್ಲಿ ಮಾತ್ರ ಜಾರಿತು. ಗೋವೆಯ ಓಣಿಗಳಲ್ಲಿ ಒಂದು ಬಾಗಿಲು ತರಚುವುದೇನು ಮಹಾ ಎಂದುಕೊಂಡೆ. ಟಯರಿನ ಬದಿಯ ನಾಲ್ಕು ಅಂಕಿಗಳನ್ನು ಓದಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1122 ಎಂದರೆ 2022ರ ಹನ್ನೊಂದನೆಯ ವಾರ. ಪರವಾಗಿಲ್ಲ. ಸ್ಟಾರ್ಟ್ ಮಾಡಿಸಿದೆ, ಮೊದಲ ಹೊಡೆತಕ್ಕೇ ಗುರುಗುಟ್ಟಿತು. ನನ್ನ ಮಟ್ಟಿಗೆ ಕಾರು ಪಾಸಾಗಿತ್ತು. ನೂರಕ್ಕೆ ಎಪ್ಪತ್ತೈದು ಕೊಟ್ಟಿದ್ದೆ.

ಇನ್ನೂ ಒಂದು ತಾಸು ಉಳಿದಿತ್ತು. ಮಾಜಾಳಿಗೆ ಬಂದು ತೀಳಮಾತಿಗೆ ಹೋಗದಿದ್ದರೆ ಹೇಗೆ? ಕಡಲತೀರದ ತುದಿಯಿಂದ ಗುಡ್ಡದ ಬಂಡೆ ಹತ್ತಿ ಇಳಿದರೆ ಸಿಗುವ ಸಣ್ಣ ಮಡಿಲು ಅದು. ತೀಳ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಹೆಸರಿನ ಹಾಗೆಯೇ ಕರಿ ಎಳ್ಳು ಹರವಿದಂಥ ಮರಳು. ಈಚೆಯ ತೀರದಲ್ಲಿ ಬಿಳಿ ಮರಳು, ಗುಡ್ಡದಾಚೆ ಕಪ್ಪು. ಕಪ್ಪು ಬಂಡೆಯನ್ನು ಅಲೆಗಳು ಅರೆದು ಅರೆದು ಕಾಳು ಮಾಡಿವೆ. ಅಯಸ್ಕಾಂತ ಜೇಬಿನಲ್ಲೇ ಇತ್ತು, ಮರಳಿಗೆ ಹಿಡಿದೆ. ಕೆಲವು ಕಣಗಳು ಮೀಸೆಯ ಹಾಗೆ ನಿಮಿರಿ ನಿಂತವು. ಮಕ್ಕಳನ್ನು ಇಲ್ಲಿಗೆ ಪ್ರವಾಸ ತರಬೇಕು ಎಂದುಕೊಂಡೆ. ಆ ಕಣಗಳನ್ನು ಒರೆಸಿ ತೆಗೆಯಲು ಮಾತ್ರ ಸಾಕುಬೇಕಾಯಿತು. ಬಂಡೆಯ ಮೇಲೆ ಕೂತು ಬೆವರು ಆರಿಸಿಕೊಂಡು ತುಟಿ ನೆಕ್ಕಿದರೆ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಒಡೆಯುವ ಅಲೆಯಿಂದ ಹಾರುವ ಸೀರ್ಪನಿಯನ್ನು ಗಾಳಿ ಊರೊಳಗೆ ತರುತ್ತದೆ. ಇಲ್ಲಿಯ ಕಿಟಕಿಯ ಸರಳು, ಗೇಟಿನ ತಿರುಗಣಿ, ಸೈಕಲ್ಲಿನ ಚೈನು ಯಾವುದೂ ಅದಕ್ಕೆ ಹೊರತಲ್ಲ. ತುಕ್ಕಿನ ಪಾಠಕ್ಕೆ ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿ ತೋರಿಸುತ್ತೇವಲ್ಲ, ಗಾಳಿ ಮತ್ತು ನೀರು ಎರಡೂ ಇದ್ದರೆ ಮಾತ್ರ ತುಕ್ಕು ಎಂದು? ಅಂಕೋಲೆಯ ತೀರದ ಮನೆಗಳಿಂದ ಬರುವ ನಮ್ಮ ಮಕ್ಕಳಿಗೆ ಆ ಪ್ರಯೋಗ ಬೇಕೇ ಇಲ್ಲ. ಇಷ್ಟೆಲ್ಲ ಬಲ್ಲ ನಾನು, ಒಂದು ಕಾರು ಹತ್ತು ವರ್ಷ ಈ ಗಾಳಿಯಲ್ಲಿ ಎಲ್ಲಿ ನಿಂತಿತ್ತು ಎಂದು ಕೇಳಿರಲಿಲ್ಲ.

ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆಯೇ ಅದು. ಸ್ಕೂಟರಿನಿಂದ ಇಳಿದು, ಕಾರಿನ ಕಡೆ ನೋಡದೆ ಹುಡುಗನಿಗೆ ಕೊಂಕಣಿಯಲ್ಲಿ, ಗಾಡಿ ನಿಲ್ಲಿಸುತ್ತಿದ್ದದ್ದು ಎಲ್ಲಿ ಎಂದು ಕೇಳಿದ. ತಾನು ಕೊಂಡು ಎರಡು ವರ್ಷವಾಯಿತು, ಅದಕ್ಕೆ ಮೊದಲು ಕಡಲ ದಂಡೆಯ ಊಟದ ಹೋಟೆಲಿನವರ ಬಳಿ ಇತ್ತು ಎಂದ ಹುಡುಗ. ಮೇಸ್ತ್ರಿ "ಹೂಂ" ಎಂದ. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬಿಸಿ. "ಮಾಸ್ತರ್ರೇ, ಚಾಲೂ ಮಾಡಿದ್ರಾ?" ತಣ್ಣಗಿರುವ ಇಂಜಿನ್ ಹೇಗೆ ಏಳುತ್ತದೆ ಎಂಬುದೇ ಅರ್ಧ ಪರೀಕ್ಷೆಯಂತೆ. ನಾನು ಅದನ್ನು ಕೆಡಿಸಿದ್ದೆ.

ಆತನ ಕೆಲಸ ನೋಡುವುದೇ ಒಂದು ಪಾಠವಾಗಿತ್ತು. ಎಣ್ಣೆಯ ಮುಚ್ಚಳ ತೆಗೆದು ಒಳಬದಿ ನೋಡಿದ. ಹಾಲಿನ ಕೆನೆಯ ಹಾಗೆ ಕಟ್ಟಿದ್ದರೆ ಇಂಜಿನ್ನಿನೊಳಗೆ ನೀರು ಸೇರಿದೆ ಎಂದರ್ಥ. ಇರಲಿಲ್ಲ. ಡಿಪ್‌ಸ್ಟಿಕ್ಕನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ. ಸೈಲೆನ್ಸರಿನ ಬಾಯಿಗೆ ಬಿಳಿ ಕಾಗದ ಹಿಡಿದು ಆಕ್ಸಿಲರೇಟರ್ ಒತ್ತಿಸಿದ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ತಣಿಸುವ ನೀರು ಒಳಗೆ ಇಳಿಯುತ್ತಿದೆ. ಮೂರೂ ಇಲ್ಲ. ಸ್ಟಿಯರಿಂಗಿನ ಕೆಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರು ಸಿಕ್ಕಿಸಿ ಫೋನಿನಲ್ಲಿ ನೋಡಿದ. "ಇಂಜಿನ್ ಬರೋಬರ್ ಇದೆ" ಎಂದ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ಗೆದ್ದ ಹಾಗೆ ನೋಡಿದಳು.

ಆದರೆ ಆತ ಮೀಟರಿನ 46,000ವನ್ನು ನಂಬಲಿಲ್ಲ. ಕ್ಲಚ್ ಪೆಡಲಿನ ರಬ್ಬರು ಒಂದು ಅಂಚಿನಲ್ಲಿ ಸವೆದು ಕಬ್ಬಿಣ ಕಾಣುತ್ತಿತ್ತು, ಸ್ಟಿಯರಿಂಗು ನುಣ್ಣಗಾಗಿತ್ತು. "ಮೀಟರನ್ನ ಹಿಂದೆ ತಿರುಗಿಸಬಹುದು, ಪೆಡಲನ್ನ ಆಗೋದಿಲ್ಲ" ಎಂದ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮೂಸಿ ನೋಡಿದ. ಅದೇಕೆಂದರೆ ನೆರೆಯ ಗಾಡಿಯೇ ಎಂದು ತಿಳಿಯಲು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ್ದು ನಮಗೆಲ್ಲ ನೆನಪಿದೆ. ನೀರಿನಲ್ಲಿ ನಿಂತ ಕಾರುಗಳು ತೊಳೆದು ಒಣಗಿಸಿಕೊಂಡು ಮಾರಾಟಕ್ಕೆ ಬರುತ್ತವೆ. ಸೀಟು, ಮ್ಯಾಟು ಬದಲಿಸುತ್ತಾರೆ, ಸುರುಳಿಯೊಳಗಿನ ಬೆಲ್ಟಿನ ತುದಿಯ ಕೆಸರುಗೆರೆಯನ್ನು ಮರೆಯುತ್ತಾರೆ. ಈ ಕಾರಿನ ಬೆಲ್ಟು ಶುದ್ಧವಾಗಿತ್ತು.

ಕೊನೆಗೆ ಡಿಕ್ಕಿ ತೆರೆದ. ಒಳಗೆ ಹೊಸ ಮ್ಯಾಟು, ಸೆಂಟಿನ ಘಾಟು. ಮ್ಯಾಟು ಎತ್ತಿ, ಸ್ಟೆಪ್ನಿ ಹೊರಗೆ ತೆಗೆದ. ಅದರ ಕೆಳಗಿನ ಬಟ್ಟಲಿನಂಥ ಜಾಗ ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಲೋಹ ಪದರು ಪದರಾಗಿ, ಹಳೆಯ ಪುಸ್ತಕದ ಹಾಳೆಗಳ ಹಾಗೆ ಎದ್ದಿತ್ತು. ಮೇಸ್ತ್ರಿ ಬಗ್ಗಿ ಮೂಸಿದ. "ಮೀನು" ಎಂದ ಒಂದೇ ಮಾತಿನಲ್ಲಿ. ಹೋಟೆಲಿನವರು ಬಂದರಿನಿಂದ ಮಂಜುಗಡ್ಡೆ ಹಾಕಿದ ಮೀನಿನ ಪೆಟ್ಟಿಗೆಗಳನ್ನು ಇದರಲ್ಲೇ ತರುತ್ತಿದ್ದಿರಬೇಕು. ಮಂಜು ಕರಗಿ, ಮೀನಿನ ಉಪ್ಪುನೀರು ಮ್ಯಾಟಿನಡಿ ಇಳಿದು, ದಿನವೂ ಅಲ್ಲೇ ನಿಂತಿದೆ.

"ಇನ್ನು ಕೆಳಗೆ ನೋಡಬೇಕು. ಇಲ್ಲಿ ಆಗೋದಿಲ್ಲ, ಗ್ಯಾರೇಜಿಗೆ ನಡೀರಿ" ಎಂದ. ಹುಡುಗನೇ ಓಡಿಸಿದ, ಮೇಸ್ತ್ರಿ ಪಕ್ಕದಲ್ಲಿ, ನಾನು ಹಿಂದೆ. ದಾರಿಯಲ್ಲಿ ರೇಡಿಯೋ ಬಂದ್ ಮಾಡಿಸಿ, ಗಾಜು ಇಳಿಸಿ, ಗುಂಡಿ ಇದ್ದಲ್ಲೆಲ್ಲ ಬೇಕೆಂದೇ ಹಾಯಿಸಿದ. ಖಾಲಿ ರಸ್ತೆಯಲ್ಲಿ ಸ್ಟಿಯರಿಂಗ್ ಸಡಿಲ ಬಿಡಿಸಿದ, ಒಮ್ಮೆ ಜೋರಾಗಿ ಬ್ರೇಕ್ ಹಾಕಿಸಿದ. ಕಾರು ಸ್ವಲ್ಪ ಎಡಕ್ಕೆ ಎಳೆಯಿತು. ಯಾರೂ ಮಾತಾಡಲಿಲ್ಲ.

ಗ್ಯಾರೇಜಿನ ಗುಂಡಿಗೆ ನಾನೂ ಇಳಿದೆ. ಕಾರಿನ ಹೊಟ್ಟೆಗೆಲ್ಲ ಡಾಂಬರಿನಂಥ ಹೊಸ ಕಪ್ಪು ಬಣ್ಣ ಬಳಿದಿತ್ತು. ಕೆಳಗಿನಿಂದ ನೋಡಿದರೆ ಕಾರು ಕಾರ್ಖಾನೆಯಿಂದ ಈಗಷ್ಟೇ ಬಂದಂತೆ. ನನಗೆ ಸಮಾಧಾನವಾಯಿತು. ಮೇಸ್ತ್ರಿಗೆ ಅದೇ ಸಂಶಯ. "ಹತ್ತು ವರ್ಷದ ಗಾಡಿಗೆ ಕೆಳಗೆ ಯಾರು ಪೌಡರ್ ಹಚ್ತಾರೆ ಮಾಸ್ತರ್ರೇ?" ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಬಾಗಿಲ ಕೆಳಗಿನ ಉದ್ದದ ಪೆಟ್ಟಿಗೆಯಂಥ ಭಾಗವನ್ನು ತಟ್ಟುತ್ತ ಬಂದ. ಟಣ್, ಟಣ್, ಟಣ್. ಎಡಗಡೆಯ ಹಿಂಬಾಗಿಲ ಕೆಳಗೆ ಬಂದಾಗ ಸದ್ದು ಟಪ್ ಎಂದಿತು. ತೆಂಗಿನಕಾಯಿ ಕೊಳೆತಿದ್ದರೆ ಬರುತ್ತದಲ್ಲ, ಆ ಸದ್ದು. ನನ್ನ ಅಯಸ್ಕಾಂತ ಜಾರಿದ್ದು ಅದರ ಮೇಲ್ಭಾಗದಲ್ಲಿಯೇ! ಹಿಡಿ ತಿರುಗಿಸಿ ಮೊನೆಯಿಂದ ಮೆಲ್ಲಗೆ ಒತ್ತಿದ. ಸ್ಕ್ರೂಡ್ರೈವರು ಒಳಗೆ ಹೋಯಿತು. ಹೊರಕ್ಕೆಳೆದಾಗ ಕೆಂಪು ಪುಡಿ, ಒಂದಿಷ್ಟು ಒದ್ದೆ ಮರಳು ನನ್ನ ಅಂಗಿಯ ಮೇಲೆ ಸುರಿಯಿತು.

ತುಕ್ಕು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಲೋಹದ ಒಂದು ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನು ಬಿಟ್ಟುಕೊಟ್ಟು ಕರಗುತ್ತದೆ, ಇನ್ನೊಂದು ಜಾಗದಲ್ಲಿ ಗಾಳಿಯ ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತದೆ. ಇವೆರಡರ ನಡುವಿನ ಓಡಾಟಕ್ಕೆ ಸಿಹಿನೀರು ಕಾಲುದಾರಿಯಾದರೆ ಉಪ್ಪುನೀರು ಹೆದ್ದಾರಿ. ಉಪ್ಪಿನ ಕ್ಲೋರೈಡು ಲೋಹದ ರಕ್ಷಣೆಯ ಪದರವನ್ನೂ ಕೆಡಿಸುತ್ತದೆ. ಹುಟ್ಟುವ ತುಕ್ಕು ಮೂಲ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಮೈಮೇಲೆ ಗುಳ್ಳೆ ಕಂಡರೆ ಅದು ಒಳಗಿನಿಂದ ಬಂದದ್ದು. ಆ ಪೆಟ್ಟಿಗೆಯ ತಳದಲ್ಲಿ ನೀರು ಸೋರಲು ತಯಾರಕರು ಸಣ್ಣ ತೂತು ಬಿಟ್ಟಿರುತ್ತಾರೆ. ಈ ಕಾರಿನಲ್ಲಿ ಕಪ್ಪು ಬಣ್ಣ ಬಳಿದವರು ಆ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಒಳಗಿನ ಉಪ್ಪು, ಮರಳು, ತೇವ ಒಳಗೇ. ಕಾಪಾಡಲೆಂದು ಬಳಿದದ್ದೋ, ಮುಚ್ಚಲೆಂದು ಬಳಿದದ್ದೋ, ಎರಡರ ಫಲವೂ ಒಂದೇ.

ಮುಂದೆ ಹುಡುಕುವುದೇನೂ ಉಳಿಯಲಿಲ್ಲ. ಹಿಂದಿನ ಆಕ್ಸಲ್ಲು ಮೈಗೆ ಸೇರುವ ಜಾಗ ಎಡಗಡೆ ಸಡಿಲ. ಬ್ರೇಕಿನ ಎಣ್ಣೆ ಹೋಗುವ ಉಕ್ಕಿನ ಕೊಳವೆ ಎರಡು ಕಡೆ ತಿಂದುಹೋಗಿತ್ತು. "ಇದು ಯಾವತ್ತು ಒಡೀತದೆ ಹೇಳಕ್ಕಾಗೋದಿಲ್ಲ. ಜೋರಾಗಿ ಬ್ರೇಕ್ ಒತ್ತಿದ ದಿನವೇ ಒಡೀತದೆ" ಎಂದ. ನಡುರಾತ್ರಿ, ಮಳೆ, ಹಿಂದಿನ ಸೀಟಿನಲ್ಲಿ ಎದೆ ಹಿಡಿದುಕೊಂಡ ಭಾವ, ಗೋವೆಯ ತಿರುವುಗಳಲ್ಲಿ ಅಕ್ಕನ ಮಗನ ಕಾಲು ಬ್ರೇಕಿನ ಮೇಲೆ. ಗುಂಡಿಯಲ್ಲಿ ನಿಂತಿದ್ದ ನನಗೆ ಕಾಲು ನಡುಗಿತು ಎಂದರೆ ನಾಚಿಕೆಯೇನಿಲ್ಲ.

ಹುಡುಗ ಮೇಲೆ ನಿಂತಿದ್ದ. ಮೇಸ್ತ್ರಿ ಅವನನ್ನೂ ಕರೆದ. ಅವನು ಇಳಿದ, ನೋಡಿದ, ತೂತಿನೊಳಗೆ ತಾನೇ ಬೆರಳು ಹಾಕಿದ. ಅವನ ಮುಖ ನೋಡಿದಾಗ ನನಗೆ ತಿಳಿಯಿತು: ಇವನಿಗೆ ಗೊತ್ತಿರಲಿಲ್ಲ. ಮೂರು ಲಕ್ಷ ಹತ್ತು ಸಾವಿರ ಕೊಟ್ಟು ಎರಡು ವರ್ಷದ ಹಿಂದೆ ಕೊಂಡಿದ್ದನಂತೆ, ಪರಿಚಯದವರಿಂದಲೇ. "ಅವರು ನಮ್ಮ ಮಾವನ ದೋಸ್ತ. ಕೆಳಗೆ ನೋಡ್ತೇನೆ ಅಂತ ಹೇಗೆ ಹೇಳೋದು?" ಎಂದ. ಅಕ್ಕನ ಮಾತೇ ಅವನ ಬಾಯಲ್ಲಿ. ಹೆಂಡತಿ, ಎರಡು ವರ್ಷದ ಮಗುವನ್ನು ಕೂರಿಸಿಕೊಂಡು ಇದೇ ಕಾರಿನಲ್ಲಿ ಅವನು ಮಳೆಗಾಲದಲ್ಲೆಲ್ಲ ಓಡಾಡಿದ್ದಾನೆ. ಬೆಳಗಿನಿಂದ ನಾನು ಅವನನ್ನು ಜಾಣ ಮಾರಾಟಗಾರನೆಂದು ಅಳೆಯುತ್ತಿದ್ದೆ. ಅದನ್ನು ನೆನೆದು ಪಿಚ್ಚೆನಿಸಿತು.

ಕಾಗದಪತ್ರವನ್ನೂ ನೋಡಿಬಿಡೋಣವೆಂದು ಸರ್ಕಾರದ ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದೆವು. ಸಾಲದ ಹೆಸರು ಇನ್ನೂ ಆರ್.ಸಿ.ಯ ಮೇಲೆ ಕೂತಿತ್ತು. ಹಿಂದಿನವರು ಸಾಲ ತೀರಿಸಿರಬಹುದು, ಆದರೆ ಬ್ಯಾಂಕಿನಿಂದ ನಮೂನೆ 35 ತಂದು ಅದನ್ನು ತೆಗೆಸಿರಲಿಲ್ಲ. ಅದಕ್ಕಿಂತ ದೊಡ್ಡದು, ಮಾಲೀಕನೆಂದು ಇದ್ದದ್ದೂ ಹಿಂದಿನವರ ಹೆಸರೇ. ಇವನು ಎರಡು ವರ್ಷದಿಂದ ಬೇರೆಯವರ ಹೆಸರಿನ ಗಾಡಿ ಓಡಿಸುತ್ತಿದ್ದ. ಕಾನೂನಿನ ಕಣ್ಣಿಗೆ ಮಾಲೀಕನೆಂದರೆ ದಾಖಲೆಯಲ್ಲಿ ಹೆಸರಿರುವವನೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಲ್ಲಿಯೂ ಕಾರು ಕೈಯಿಂದ ಕೈಗೆ ಹೋಗಿತ್ತು, ಅಪಘಾತದ ಪರಿಹಾರದ ಹೊಣೆ ಮಾತ್ರ ಮೊದಲನೆಯವನ ತಲೆಗೇ ಬಂತು. ಕೊಳ್ಳುವವರು ಆರ್.ಸಿ. ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಮಾರುವವರು ಹೆಸರು ಬದಲಾಗುವವರೆಗೆ ನಿದ್ದೆ ಮಾಡಬಾರದು ಎಂಬುದನ್ನು ಯಾರೂ ಹೇಳುವುದಿಲ್ಲ.

ಮೇಸ್ತ್ರಿ ತನ್ನ ಕೂಲಿ 800 ರೂಪಾಯಿ ತೆಗೆದುಕೊಂಡ. ಬ್ರೇಕಿನ ಕೊಳವೆಯನ್ನು ಅಂದೇ ಬದಲಿಸಿಕೊಟ್ಟ, ಅದಕ್ಕೆ ಹುಡುಗನ ಬಳಿ ಸಾಮಾನಿನ ದುಡ್ಡು ಮಾತ್ರ. "ಹಾಗೇ ಕಳಿಸಿದರೆ ನನಗೆ ರಾತ್ರಿ ನಿದ್ದೆ ಬರೋದಿಲ್ಲ" ಎಂದ.

ಮನೆಗೆ ಮರಳುವಾಗ ಅಕ್ಕನಿಗೆ ಏನು ಹೇಳುವುದೆಂದು ನಾನು ಮಾತು ಜೋಡಿಸುತ್ತಿದ್ದೆ. ಹುಡುಗನೇ ಹೇಳಿಬಿಟ್ಟ: "ಅಕ್ಕಾ, ಈ ಗಾಡಿ ನಿಮಗೆ ಬೇಡ." ಅಕ್ಕ ಬಂಗಡೆ ಸಾರು, ಅನ್ನ ಬಡಿಸಿದಳು. ಅವನು ಎರಡನೆಯ ಸಲವೂ ಹಾಕಿಸಿಕೊಂಡ. ನೆರೆಮನೆಯಾಕೆ ಬಂದು ಕೂತಳು. ಮುಖ ಮುರಿಯುವಂಥದ್ದೇನೂ ಆಗಲಿಲ್ಲ. ಕರಿ ಇಶಾಡನ್ನು ಎಲ್ಲರೂ ತಿಂದೆವು. ಹೋಗುವಾಗ ಹುಡುಗ ನಾಲ್ಕು ಹಣ್ಣು ಮಗುವಿಗೆಂದು ಕೇಳಿ ಒಯ್ದ.

ಕಾರು ಸಿಕ್ಕಿದ್ದು ಜೂನ್ ಕೊನೆಯಲ್ಲಿ, ಮಳೆ ಶುರುವಾಗಿ ಅಕ್ಕನ ಜೀವ ಹಾರತೊಡಗಿದ ಮೇಲೆ. ನಮ್ಮ ಕಡೆ ಅರ್ಗಾದ ನೌಕಾನೆಲೆ, ಕೈಗಾದ ಅಣುಸ್ಥಾವರಗಳಲ್ಲಿ ದೂರದ ಊರುಗಳಿಂದ ಬಂದ ನೌಕರರಿದ್ದಾರೆ. ವರ್ಗವಾದಾಗ ಕೆಲವರು ಕಾರು ಮಾರಿ ಹೋಗುತ್ತಾರೆ. ಅಂಥವರೊಬ್ಬರ ಕೆ.ಎ. 30 ನಂಬರಿನ ಗಾಡಿ, ಹತ್ತು ವರ್ಷದ್ದು, ಮುಂಬಾಗಿಲಿನಲ್ಲಿ ಅಂಗೈಯಷ್ಟು ತಗ್ಗು, ಬಣ್ಣ ಮಾಸಿದ್ದು. ಅಕ್ಕ ಮೊದಲ ನೋಟಕ್ಕೇ ಮೂಗು ಮುರಿದಳು. ಮೇಸ್ತ್ರಿ ಈ ಸಲ ತಣ್ಣನೆಯ ಇಂಜಿನ್ನಿನಿಂದಲೇ ಶುರುಮಾಡಿ, ಒಂದೂವರೆ ತಾಸು ಗುಂಡಿಯಲ್ಲಿ ತಟ್ಟಿ, ಮೇಲೆ ಬಂದು "ಟಣ್" ಎಂದಷ್ಟೇ ಹೇಳಿದ. ಬ್ಯಾಟರಿ, ಮುಂದಿನ ಎರಡು ಟಯರು, ಕ್ಲಚ್ ಪ್ಲೇಟು ಸೇರಿ 31,000 ಖರ್ಚಾಗುತ್ತದೆ ಎಂದು ಮೊದಲೇ ಚೀಟಿ ಬರೆದುಕೊಟ್ಟ. ಅದನ್ನು ಮಾಲೀಕರಿಗೆ ತೋರಿಸಿದಾಗ 20,000 ಇಳಿಸಿದರು. ಹಣ ಕೊಟ್ಟದ್ದು ಹೆಸರು ಬದಲಾವಣೆಯ ಕಾಗದಗಳಿಗೆ ಸಹಿ ಬಿದ್ದ ಮೇಲೆಯೇ.

ಉಪ್ಪಿನ ಊರಿನಲ್ಲಿ ಕಾರನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಮೇಸ್ತ್ರಿ ಭಾವನಿಗೆ ಹೇಳಿಕೊಟ್ಟಿದ್ದಾನೆ. ಭಾನುವಾರ ಬೆಳಿಗ್ಗೆ ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಗ ಬಾವಿಯ ಸಿಹಿನೀರಿನ ಪೈಪು ಹಿಡಿದು ಕಾರಿನ ಹೊಟ್ಟೆಗೆ ನೀರು ಬಿಡುತ್ತಾನೆ. ಬಾಗಿಲ ಕೆಳಗಿನ ತೂತುಗಳಿಗೆ ತೆಂಗಿನ ಹಿಡಿಕಡ್ಡಿ ಚುಚ್ಚಿ ಕಸ ತೆಗೆಯುವುದು ಭಾವನೇ, ಕೂತಲ್ಲಿಂದಲೇ. ಮೇಲಿನ ಬಣ್ಣವನ್ನು ಒರೆಸಲು ಇಬ್ಬರಿಗೂ ಉತ್ಸಾಹವಿಲ್ಲ. ಅಕ್ಕ ಅದಕ್ಕೆ ಬೈಯುತ್ತಾಳೆ.

ಸೆಪ್ಟೆಂಬರಿನಲ್ಲಿ ಒಮ್ಮೆ ಅದೇ ಕಾರಿನಲ್ಲಿ ಭಾವನನ್ನು ತಪಾಸಣೆಗೆ ಗೋವೆಗೆ ಕರೆದೊಯ್ದೆವು. ಪೋಲೆಮಿನಲ್ಲಿ ಪೆಟ್ರೋಲು ಹಾಕಿಸಿದೆವು, ಅದನ್ನೇಕೆ ಬಿಡಬೇಕು? ಮುಂದಿನ ತಪಾಸಣೆಯ ಚೀಟಿ ಈಗ ಅಕ್ಕನ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿದೆ. ಅದನ್ನು ಹಿಡಿದಿರುವುದು ಕುದುರೆ ಲಾಳದ ಅಯಸ್ಕಾಂತ. ಕೊಡು ಎಂದರೆ ಕೊಡುವುದಿಲ್ಲ, ಚೀಟಿ ಬೀಳುತ್ತದಂತೆ. ಶಾಲೆಯ ದಾಸ್ತಾನು ಪುಸ್ತಕದಲ್ಲಿ ಅದು ಇನ್ನೂ ನನ್ನ ಸಹಿಯ ಎದುರಿಗೇ ಇದೆ.